ಕಾವಲಿ ಪಳಗಿಸಿದವರಿಗೆ ಕೇಕ್ ಟಿನ್ ಯಾವ ಲೆಕ್ಕ?

ಮೊದಲ ಸಲ ಗುಗೆಲ್‌ಹುಪ್ಫ್ ಅನ್ನುವ ಜರ್ಮನ್ ಕೇಕ್ ಮಾಡಿದ ದಿನ ಅದರಲ್ಲಿ ಅರ್ಧ ತಟ್ಟೆಗೆ ಬಂತು, ಇನ್ನರ್ಧ ಅಚ್ಚಿನಲ್ಲೇ ಕೂತಿತ್ತು. ದೋಸೆ ಏಳುತ್ತಿಲ್ಲ ಅನ್ನುತ್ತೇವಲ್ಲ, ಹಾಗೆ. ನಾವು ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಆಗ ಎರಡು ವರ್ಷ. ಇಲ್ಲಿ ಆಫೀಸಿನಲ್ಲಿ ಯಾರ ಹುಟ್ಟುಹಬ್ಬವೋ ಅವರೇ ಕೇಕ್ ತರಬೇಕು. ಅಂಗಡಿಯಿಂದ ತಂದರೂ ಯಾರೂ ಏನೂ ಅನ್ನುವುದಿಲ್ಲ, ಆದರೆ "ಮನೆಯಲ್ಲೇ ಮಾಡಿದ್ದಾ?" ಅಂತ ಒಬ್ಬರಾದರೂ ಕೇಳದೆ ಬಿಡುವುದಿಲ್ಲ. ಆ ಒಂದು ಪ್ರಶ್ನೆಗೋಸ್ಕರ ನಾನು ಅಚ್ಚು ತಂದೆ. ನಡುವೆ ಕೊಳವೆ, ಸುತ್ತ ಮೈಸೂರು ಪೇಟದ ಮಡಿಕೆಗಳ ಹಾಗೆ ಓರೆ ಗೆರೆಗಳು. ಕರಿ ಬಣ್ಣದ ನಾನ್‌ಸ್ಟಿಕ್. ಅಂಟುವುದಿಲ್ಲ ಅಂತ ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಾನೂ ನಂಬಿದೆ. ಏನೂ ಸವರಲಿಲ್ಲ, ಓವನ್‌ನಿಂದ ತೆಗೆದವನೇ ದಬಾಕಿದೆ.

ಆಮೇಲೆ ಒಂದು ದೊಡ್ಡ ತಪ್ಪು ಮಾಡಿದೆ. ಸ್ಟೀಲ್ ಮೊಗಚುವ ಕೈ ತಗೊಂಡು ಕೆರೆದೆ. ಅಲ್ಲಿಗೆ ಆ ಅಚ್ಚಿನ ಕಥೆ ಮುಗಿಯಿತು.

ಕೆಳಗಿನ ಮನೆಯ ಅಜ್ಜಿ ಎಂಬತ್ತರ ಹತ್ತಿರದವರು, ಪಕ್ಕಾ ಶ್ವಾಬನ್, ಅಂದರೆ ಈ ಸೀಮೆಯವರೇ. ಕೇಕಿನ ಚೂರು ತಿಂದು ರುಚಿ ಚೆನ್ನಾಗಿದೆ ಅಂದರು, ಆಮೇಲೆ ಎರಡೇ ಪ್ರಶ್ನೆ ಕೇಳಿದರು. ಏನು ಸವರಿದ್ದಿರಿ? ಎಷ್ಟು ಹೊತ್ತು ಬಿಟ್ಟಿದ್ದಿರಿ? ಯಾವ ಕಂಪನಿಯ ಅಚ್ಚು ಅಂತ ಕೇಳಲೇ ಇಲ್ಲ. ಅದು ನನಗೆ ಆವತ್ತು ಹೊಳೆಯಲಿಲ್ಲ. ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಕೇಕ್ ಹಿಡಿದುಕೊಂಡಿತು ಅಂತ ಯಾರಾದರೂ ಫೋಟೋ ಹಾಕಿದರೆ, ಕೆಳಗೆ ಬರುವ ಮೊದಲ ಉತ್ತರವೇ "ಯಾವ ಬ್ರ್ಯಾಂಡ್?" ಎರಡನೆಯದು ಒಂದು ಲಿಂಕ್. ಪಾತ್ರೆ ಬದಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ನಮಗೆ ಎಲ್ಲಿಂದ ಬಂತೋ ಗೊತ್ತಿಲ್ಲ, ಯಾಕೆಂದರೆ ನಾವು ಬೆಳೆದ ಅಡುಗೆಮನೆಗಳಲ್ಲಿ ಅದು ಇರಲಿಲ್ಲ.

ಅಮ್ಮನ ದೋಸೆ ಕಾವಲಿ ನೆನಪಿಸಿಕೊಳ್ಳಿ. ನಿಮ್ಮ ಮನೆಯಲ್ಲೂ ಇತ್ತು, ಅಲ್ವಾ? ಹಾಸನದ ನಮ್ಮ ಮನೆಯಲ್ಲಿ ಆ ಕಬ್ಬಿಣದ ಕಾವಲಿ ಮೇಲೆ ಚಪಾತಿ ಬೇಯಿಸುವ ಹಾಗಿರಲಿಲ್ಲ, ಸೋಪು ಹಾಕುವ ಹಾಗಿರಲಿಲ್ಲ. ಹೊಸದಾಗಿ ತಂದಾಗ ದಿನಗಟ್ಟಲೆ ಎಣ್ಣೆ ಹಚ್ಚಿ ಕಾಯಿಸಿ, ಒರೆಸಿ, ಮತ್ತೆ ಹಚ್ಚಿ ಅದನ್ನು ಪಳಗಿಸಿದ್ದರು. ಆನೆ ಪಳಗಿಸುತ್ತಾರೆ, ಎತ್ತು ಪಳಗಿಸುತ್ತಾರೆ, ಕಾವಲಿಯನ್ನೂ ಪಳಗಿಸುತ್ತಾರೆ. ನಡೆಯುವುದು ಇಷ್ಟೇ: ಕಾದ ಕಬ್ಬಿಣದ ಮೇಲೆ ತೆಳ್ಳಗೆ ಹಚ್ಚಿದ ಎಣ್ಣೆ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾದ ಕರಿ ಪದರ ಆಗುತ್ತದೆ, ಅದು ಬರಿ ಜಿಡ್ಡಲ್ಲ, ನೀರಿಗೆ ಹೋಗುವುದಿಲ್ಲ. ಹಾಗಾಗಿ ನಾನು ಅಂದುಕೊಂಡಿದ್ದು, ಕಾವಲಿ ಪಳಗಿಸಿದ ಮನೆಯವನಿಗೆ ಒಂದು ಕೇಕ್ ಟಿನ್ ಯಾವ ಲೆಕ್ಕ ಅಂತ.

ಲೆಕ್ಕ ತಪ್ಪಿತು. ದೋಸೆ ಎರಡು ನಿಮಿಷದ ವಿಷಯ. ಹಿಟ್ಟಿನ ನೀರು ಆವಿಯಾಗಿ ತಳ ಗರಿಗರಿ ಆದ ಕೂಡಲೇ ಅಂಚು ತಾನೇ ಏಳುತ್ತದೆ. ಕೇಕ್ ಹಾಗಲ್ಲ. ಸಕ್ಕರೆ, ಮೊಟ್ಟೆ, ಹಾಲು ಎಲ್ಲ ಸೇರಿದ ಹಿಟ್ಟು ಲೋಹಕ್ಕೆ ಒತ್ತಿಕೊಂಡು 50 ನಿಮಿಷ ಕೂತಿರುತ್ತದೆ. ಮೊಟ್ಟೆಯ ಪ್ರೋಟೀನ್ ಕಾದ ಲೋಹವನ್ನು ಹಿಡಿದುಕೊಳ್ಳುತ್ತದೆ, ಸಕ್ಕರೆ ಕರಗಿ ಆಮೇಲೆ ತಣಿದಾಗ ಗೋಂದಿನ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ನಡುವೆ ಏನಾದರೂ ಬೇಕು.

ಆ ಅಜ್ಜಿ ಹಾಕುವುದು ಬೆಣ್ಣೆ, ಅದರ ಮೇಲೆ ಒಣ ಬ್ರೆಡ್ಡಿನ ಪುಡಿ. ನಾವು ಮೈದಾ ಉದುರಿಸುವ ಕಡೆ ಇವರು ಸೆಮೆಲ್‌ಬ್ರೋಸೆಲ್ ಉದುರಿಸುತ್ತಾರೆ. ಉಳಿದ ಬ್ರೆಡ್ಡನ್ನು ಎಸೆಯುವುದು ಶ್ವಾಬನ್ನರಿಗೆ ಪಾಪ. ಒಣಗಿಸಿ ಪುಡಿ ಮಾಡಿ ಡಬ್ಬದಲ್ಲಿ ಇಟ್ಟಿರುತ್ತಾರೆ. ನನಗಂತೂ ಇದು ಮೈದಾಗಿಂತ ಮೇಲು ಅನ್ನಿಸಿದೆ. ಮೈದಾ ಜಾಸ್ತಿಯಾದರೆ ಕೇಕಿನ ಮೇಲೆ ಬಿಳಿ ಬೂದಿಯ ಹಾಗೆ ಕಾಣುತ್ತದೆ, ಪುಡಿ ಹಾಕಿದರೆ ಕಂದು ಬಣ್ಣದ ತೆಳು ಹೊದಿಕೆ ಬರುತ್ತದೆ, ಸ್ವಲ್ಪ ಕುರುಕಲು ಬೇರೆ.

ಆದರೆ ಬೆಣ್ಣೆಯ ವಿಷಯದಲ್ಲಿ ನನ್ನ ಜಗಳ ಇದೆ. ಇಲ್ಲಿಯ ಬೆಣ್ಣೆಯಲ್ಲಿ ನೂರಕ್ಕೆ 82 ಪಾಲು ಕೊಬ್ಬು, ಉಳಿದದ್ದು ನೀರು ಮತ್ತು ಒಂದಿಷ್ಟು ಹಾಲಿನ ಅಂಶ. ಆ ಹಾಲಿನ ಅಂಶವೇ ಕೆಲವು ಸಲ ಹಿಡಿದುಕೊಳ್ಳುತ್ತದೆ. ಕರಗಿಸಿ ಸವರಿದರಂತೂ ಎಲ್ಲ ಜಾರಿ ತಳಕ್ಕೆ ಇಳಿಯುತ್ತದೆ, ಗೆರೆಗಳ ಏಣಿನಲ್ಲಿ ಏನೂ ಉಳಿಯುವುದಿಲ್ಲ. ತುಪ್ಪಕ್ಕೆ ಈ ರಗಳೆ ಇಲ್ಲ. ಇಲ್ಲಿ ಅದೇ ತುಪ್ಪವನ್ನು ಬುಟರ್‌ಶ್ಮಾಲ್ಟ್ಸ್ ಅಂತ ಮಾರುತ್ತಾರೆ. ಅಜ್ಜಿ ಅದನ್ನು ಶ್ನಿಟ್ಸೆಲ್, ಅಂದರೆ ತೆಳು ಮಾಂಸದ ತುಂಡು, ಕರಿಯುವುದಕ್ಕೆ ಮಾತ್ರ ಇಟ್ಟುಕೊಂಡಿದ್ದರು. ನಾನು ಗಟ್ಟಿಯಾದ ತುಪ್ಪವನ್ನೇ ಬೆರಳಿನಲ್ಲಿ ತಗೊಂಡು ಮೂಲೆ ಮೂಲೆಗೂ ಹಚ್ಚಿ ಪುಡಿ ಉದುರಿಸಿ ತೋರಿಸಿದೆ. ಕೇಕ್ ಸದ್ದಿಲ್ಲದೆ ಜಾರಿ ಬಂತು. ಈಗ ಅವರೂ ಹಾಗೇ ಮಾಡುತ್ತಾರೆ. ಬರಿ ಎಣ್ಣೆ ಮಾತ್ರ ಸವರಬೇಡಿ, ಅದು ಹಿಟ್ಟಿನೊಳಗೆ ಸೇರಿಹೋಗುತ್ತದೆ.

ಇನ್ನು ಎಲೆ. ಈ ವಿಷಯದಲ್ಲಿ ನಮ್ಮನ್ನು ಮೀರಿಸುವವರು ಇಲ್ಲ ಅಂದುಕೊಂಡಿದ್ದೆ. ನನ್ನವಳು ಬ್ರಹ್ಮಾವರದ ಕಡೆಯವಳು. ಅವರಲ್ಲಿ ಹಲಸಿನ ಎಲೆ ಚುಚ್ಚಿ ಕೊಟ್ಟೆ ಕಟ್ಟಿ ಕಡುಬು ಬೇಯಿಸುತ್ತಾರೆ, ನಾಗರಪಂಚಮಿಗೆ ಅರಿಶಿನ ಎಲೆಯೊಳಗೆ ಹಿಟ್ಟು ಮಡಿಸುತ್ತಾರೆ. ನಮ್ಮ ಕಡೆ ಅಕ್ಕಿರೊಟ್ಟಿಯನ್ನು ಬಾಳೆ ಎಲೆ ಮೇಲೆ ತಟ್ಟಿ, ಎಲೆ ಸಮೇತ ಕಾವಲಿಗೆ ದಬಾಕಿ, ಎಲೆ ಬಾಡಿದ ಮೇಲೆ ಮೆಲ್ಲಗೆ ಎಳೆಯುತ್ತಾರೆ. ಪಾತ್ರೆಗೂ ಹಿಟ್ಟಿಗೂ ನಡುವೆ ಒಂದು ಎಲೆ, ಜೊತೆಗೆ ಪುಕ್ಕಟೆ ಪರಿಮಳ. ಆಮೇಲೆ ನ್ಯೂರೆಂಬರ್ಗಿನ ಲೆಬ್‌ಕೂಖನ್ ಕಂಡೆ. ಕ್ರಿಸ್‌ಮಸ್ ಸಮಯದ ಮಸಾಲೆ ಬಿಸ್ಕತ್ತು ಅದು. ಒಳ್ಳೆಯ ಜಾತಿಯದರಲ್ಲಿ ಹಿಟ್ಟು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಬಾದಾಮಿ, ಹೇಝಲ್‌ನಟ್, ಮೊಟ್ಟೆ, ಸಕ್ಕರೆಯೇ ಎಲ್ಲ. ಟ್ರೇಗೆ ಇಟ್ಟರೆ ಅಂಟದೆ ಇರಲು ಸಾಧ್ಯವೇ ಇಲ್ಲ. ಅದಕ್ಕೆ ಓಬ್ಲಾಟೆ ಅನ್ನುವ, ಕಾಗದದಷ್ಟು ತೆಳ್ಳಗಿನ ಬಿಳಿ ಹಪ್ಪಳದ ಮೇಲೆ ಹಚ್ಚಿ ಬೇಯಿಸುತ್ತಾರೆ. ಚರ್ಚಿನಲ್ಲಿ ಪ್ರಸಾದಕ್ಕೆ ಕೊಡುವುದೂ ಇದೇ ಬಗೆಯದು, ಮಠದ ಸನ್ಯಾಸಿಗಳು ಅದನ್ನೇ ಬಳಸಿ ಈ ಉಪಾಯ ಶುರು ಮಾಡಿದರು ಅನ್ನುತ್ತಾರೆ. ಅತ್ತೆ ಇಲ್ಲಿಗೆ ಬಂದಾಗ ಒಂದನ್ನು ಕೈಗೆ ತಗೊಂಡು ತಿರುಗಿಸಿ, ತಳದ ಓಬ್ಲಾಟೆಯನ್ನು ಉಗುರಿನಲ್ಲಿ ಸುಲಿಯಲು ನೋಡಿದರು. "ಎಲೆ ತೆಗೆದು ತಿನ್ನುವುದಲ್ವಾ?" ಅಂದರು. ಅದನ್ನೂ ತಿನ್ನಬಹುದು ಅಂದಾಗ ಅವರಿಗೆ ಹಲಸಿನ ಎಲೆಯ ಮೇಲೆ ಸ್ವಲ್ಪ ಬೇಸರ ಬಂದ ಹಾಗೆ ಕಂಡಿತು.

ಎಲೆ ಸಿಗದ ಊರಿನಲ್ಲಿ ಬೇಕಿಂಗ್ ಪೇಪರೇ ಎಲೆ. ಒಂದು ಎಚ್ಚರಿಕೆ ಹೇಳಬೇಕು. ಊರಿನಲ್ಲಿ ನಾವು ಎಲ್ಲವನ್ನೂ ಬಟರ್ ಪೇಪರ್ ಅಂತಲೇ ಕರೆಯುತ್ತೇವೆ. ಓವನ್ನಿಗೆ ಬೇಕಾದದ್ದು ಸಿಲಿಕೋನ್ ಲೇಪ ಇರುವ ಕಾಗದ, ಅದಕ್ಕೆ ಸಾಮಾನ್ಯವಾಗಿ 220 ಡಿಗ್ರಿ ತನಕ ಅಂತ ಬರೆದಿರುತ್ತದೆ. ಮೇಣದ ಕಾಗದ ಬೇರೆ, ಅದು ಬ್ರೆಡ್ಡು ಸುತ್ತುವುದಕ್ಕೆ, ಓವನ್ನಿನಲ್ಲಿ ಮೇಣ ಕರಗಿ ಹೊಗೆ ಬರುತ್ತದೆ. ನಾನು ಚಿಕ್ಕವನಿದ್ದಾಗ ಅಮ್ಮ ಕುಕ್ಕರಿನಲ್ಲಿ ಮರಳು ಹಾಕಿ, ಗ್ಯಾಸ್ಕೆಟ್ ವಿಷಲ್ ಎರಡೂ ತೆಗೆದು ಕೇಕ್ ಮಾಡುತ್ತಿದ್ದರು. ಅಲ್ಯೂಮಿನಿಯಂ ಡಬ್ಬಿಯ ತಳಕ್ಕೆ ನನ್ನ ನೋಟ್‌ಬುಕ್ಕಿನ ಬರೆಯದ ಹಾಳೆಯನ್ನು ಗುಂಡಗೆ ಕತ್ತರಿಸಿ ಡಾಲ್ಡಾ ಸವರುತ್ತಿದ್ದರು. ಒಂದು ಸಲ ಬರೆದ ಹಾಳೆ ಹೋಗಿ ಕೇಕಿನ ತಳದಲ್ಲಿ ನನ್ನ ಗಣಿತ ಮೂಡಿತ್ತು. ಲೆಕ್ಕ ತಪ್ಪಾಗಿತ್ತು ಅಂತ ಅಕ್ಕ ಇವತ್ತಿಗೂ ಹೇಳುತ್ತಾಳೆ.

ನಿಜಕ್ಕೂ ನನ್ನ ತಲೆ ತಿರುಗಿಸಿದ್ದು ಬಿಸ್ಕ್ವಿಟ್. ಬಿಸ್ಕತ್ತಲ್ಲ, ಬರಿ ಮೊಟ್ಟೆಯ ಗಾಳಿಯಿಂದ ಉಬ್ಬುವ ಸ್ಪಂಜ್ ಕೇಕ್. ಅಷ್ಟರಲ್ಲಿ ನಾನು ಸವರುವುದರಲ್ಲಿ ಪಂಡಿತ. ಟಿನ್ನಿನ ತಳಕ್ಕೂ ಬದಿಗೂ ಬಿಡದೆ ತುಪ್ಪ ಬಳಿದೆ. ಕೇಕ್ ಉಬ್ಬಿತು, ಆಮೇಲೆ ಬದಿಯಿಂದ ಜಾರಿ ಕುಸಿದು ನಡುವೆ ಗುಡ್ಡ, ಸುತ್ತ ಹಳ್ಳ. ಅಜ್ಜಿ ನಕ್ಕರು. ಬಿಸ್ಕ್ವಿಟ್ಟಿಗೆ ತಳಕ್ಕೆ ಕಾಗದ ಹಾಕಿ, ಬದಿಗೆ ಏನೂ ಸವರಬಾರದಂತೆ. ಆ ಹಗುರ ಹಿಟ್ಟು ಗೋಡೆ ಹಿಡಿದುಕೊಂಡೇ ಮೇಲೆ ಹತ್ತಬೇಕು, ಬೆಂದ ಮೇಲೆ ಚಾಕು ಆಡಿಸಿ ಬಿಡಿಸಿಕೊಳ್ಳಬೇಕು. ಅಮೆರಿಕದವರ ಏಂಜೆಲ್ ಫುಡ್ ಕೇಕೂ ಹೀಗೆಯೇ, ಅದಕ್ಕೆ ನಾನ್‌ಸ್ಟಿಕ್ ಟಿನ್ ಆಗುವುದೇ ಇಲ್ಲ.

ಆವತ್ತು ರಾತ್ರಿ ದೋಸೆ ಹುಯ್ಯುವಾಗ ನಗು ಬಂತು. ಕಾವಲಿಗೆ ಎಣ್ಣೆ ಜಾಸ್ತಿಯಾದರೆ ಏನಾಗುತ್ತದೆ? ಹಿಟ್ಟು ಕಾವಲಿ ಹಿಡಿಯುವುದಿಲ್ಲ, ಹರಡಲು ಹೋದರೆ ಸೌಟಿನ ಹಿಂದೆಯೇ ಸುತ್ತಿಕೊಂಡು ಬರುತ್ತದೆ. ಅದಕ್ಕೇ ಅಲ್ವಾ ಅಮ್ಮ ಅರ್ಧ ಈರುಳ್ಳಿಯಲ್ಲಿ ಎಣ್ಣೆ ತಾಗಿಯೂ ತಾಗದ ಹಾಗೆ ಉಜ್ಜಿ, ನೀರು ಚಿಮುಕಿಸಿ ಒರೆಸುತ್ತಿದ್ದದ್ದು? ಮೊದಲು ಹಿಡಿಯಬೇಕು, ಆಮೇಲೆ ಬಿಡಬೇಕು. ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ವಿಷಯವನ್ನು ಜರ್ಮನ್ ಅಜ್ಜಿಯೊಬ್ಬರು ಬಿಸ್ಕ್ವಿಟ್ ನೆಪದಲ್ಲಿ ಹೇಳಿಕೊಡಬೇಕಾಯಿತು.

ಅವರ ಎರಡನೇ ಪ್ರಶ್ನೆ, ಎಷ್ಟು ಹೊತ್ತು ಬಿಟ್ಟಿದ್ದಿರಿ ಅನ್ನುವುದು. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಬಿಸಿ ಇದ್ದಾಗ ಕೇಕಿಗೆ ಬೆನ್ನುಮೂಳೆ ಇರುವುದಿಲ್ಲ, ಮುರಿಯುತ್ತದೆ. ಪೂರ್ತಿ ತಣಿಯಲು ಬಿಟ್ಟರೆ ಆವಿ ನೀರಾಗಿ ಬದಿ ಒದ್ದೆ, ಸಕ್ಕರೆ ಗಟ್ಟಿ. ಇಡ್ಲಿಯೂ ಹೀಗೆಯೇ. ಇಳಿಸಿದ ಕೂಡಲೇ ಚಮಚ ಹಾಕಿದರೆ ಅರ್ಧ ತಟ್ಟೆಯಲ್ಲೇ. ನಾಲ್ಕೈದು ನಿಮಿಷ ಬಿಟ್ಟು, ಚಮಚ ನೀರಿಗೆ ಅದ್ದಿ ತೆಗೆದರೆ ಗುಂಡಗೆ ಬರುತ್ತದೆ. ಇಡ್ಲಿಗೆ ಕಾಯುವ ನಾವು ಕೇಕಿಗೆ ಯಾಕೆ ಕಾಯುವುದಿಲ್ಲವೋ.

ನಾನ್‌ಸ್ಟಿಕ್ ಬೇಡವೇ ಬೇಡ ಅನ್ನುವ ಮಡಿವಂತ ನಾನಲ್ಲ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಅನ್ನುವ ರಸಾಯನ ವಿಜ್ಞಾನಿ ಬೇರೇನನ್ನೋ ಹುಡುಕುವಾಗ ಆಕಸ್ಮಿಕವಾಗಿ ಸಿಕ್ಕ ಟೆಫ್ಲಾನ್ ಅನ್ನುವ ವಸ್ತು ಅದು, 1950ರ ದಶಕದಲ್ಲಿ ಫ್ರಾನ್ಸಿನ ಮಾರ್ಕ್ ಗ್ರೆಗ್ವಾರ್ ಅದನ್ನು ಬಾಣಲೆಗೆ ಅಂಟಿಸಿದರು, ಟೆಫಾಲ್ ಕಂಪನಿ ಹುಟ್ಟಿದ್ದು ಹಾಗೆ. 180 ಡಿಗ್ರಿಯ ಓವನ್ನಿನಲ್ಲಿ ಅದಕ್ಕೇನೂ ಆಗುವುದಿಲ್ಲ. ಖಾಲಿ ಪಾತ್ರೆಯನ್ನು ಒಲೆ ಮೇಲೆ ಕಾಯಲು ಬಿಟ್ಟರೆ ಕೆಡುತ್ತದೆ. ನನ್ನ ತಕರಾರು ಬೇರೆ. ಅದನ್ನು ನಂಬಿ ನಾವು ಸೋಮಾರಿಗಳಾಗುತ್ತೇವೆ. ಕರಿ ಟಿನ್ನಿನಲ್ಲಿ ಹೊರಮೈ ಬೇಗ ಕಂದುತ್ತದೆ, ಉರಿ ಹತ್ತು ಹದಿನೈದು ಡಿಗ್ರಿ ಇಳಿಸಬೇಕು, ಅದನ್ನೂ ಯಾರೂ ಇಳಿಸುವುದಿಲ್ಲ. ಅದರ ಮೇಲೆ ಎಣ್ಣೆಯ ಸ್ಪ್ರೇ ಹೊಡೆದರೆ ಅದರಲ್ಲಿರುವ ಲೆಸಿಥಿನ್ ಅನ್ನುವ ಅಂಶ ಸುಟ್ಟು ಕಂದು ಜಿಗುಟು ಕೂರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಸಿಲಿಕೋನ್ ಅಚ್ಚು ನನಗೆ ಹಿಡಿಸಿಲ್ಲ. ಎತ್ತಿದರೆ ಬಳುಕುತ್ತದೆ, ಕೇಕ್ ಬೆಳ್ಳಗೆ ಪೆಚ್ಚಾಗಿ ಬರುತ್ತದೆ.

ಅಲ್ಯೂಮಿನಿಯಂ ನನ್ನ ಮೆಚ್ಚಿನದು. ದಪ್ಪಗಿನ, ಬೆಳ್ಳಗಿನ, ಒಂದೇ ಒಂದು ದುಂಡು ಟಿನ್. ಬಿಸಿ ಎಲ್ಲ ಕಡೆ ಸಮ ಹರಡುತ್ತದೆ. ಒಂದೇ ಕಡೆ ಅದು ಕೈಕೊಡುತ್ತದೆ. ಇಲ್ಲಿಯ ಬ್ರೆಟ್ಸೆಲ್ ಅನ್ನುವ ಗಂಟಿನಾಕಾರದ ಬ್ರೆಡ್ಡನ್ನು ಬೇಯಿಸುವ ಮೊದಲು ಕ್ಷಾರದ ನೀರಿನಲ್ಲಿ ಅದ್ದುತ್ತಾರೆ, ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಬಿಡಬೇಡ ಅಂತ ಬೈಸಿಕೊಂಡು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜರ್ಮನ್ನರ ಒಂದು ಅಭ್ಯಾಸ ಮಾತ್ರ ನನಗೆ ಒಗ್ಗಿಲ್ಲ. ಕಂಡದ್ದನ್ನೆಲ್ಲ ಡಿಶ್‌ವಾಷರಿಗೆ ತುರುಕುವುದು. ಬೆಳ್ಳಗಿನ ಅಲ್ಯೂಮಿನಿಯಂ ಅದರಿಂದ ಹೊರಗೆ ಬರುವಾಗ ಬೂದು ಬಳಿದ ಹಾಗಿರುತ್ತದೆ. ಅಜ್ಜಿ ಮಾತ್ರ ತನ್ನ ತಾಯಿಯ ಕಾಲದ ಕಬ್ಬಿಣದ ತಗಡಿನ ಅಚ್ಚನ್ನು ಬಿಸಿನೀರಲ್ಲಿ ಒರೆಸಿ, ಆರಿದ ಓವನ್ನಿನೊಳಗೆ ಒಣಗಿಸಿ ಇಡುತ್ತಾರೆ. ಸೋಪು ಮುಟ್ಟಿಸುವುದಿಲ್ಲ. ನಮ್ಮಮ್ಮನ ಪಂಥದವರೇ.

ಹೋದ ಡಿಸೆಂಬರಿನಲ್ಲಿ ಅಜ್ಜಿ ಶ್ಪ್ರಿಂಗರ್ಲೆ ಅನ್ನುವ ಚಿತ್ರದ ಬಿಸ್ಕತ್ತು ಮಾಡುವುದು ತೋರಿಸಿದರು. ಕೆತ್ತಿದ ಮರದ ಅಚ್ಚು, ಅದರೊಳಗೆ ಮೈದಾ ಉದುರಿಸಿ ತಟ್ಟಿ, ಹಿಟ್ಟಿನ ಮೇಲೆ ಒತ್ತಿ ಚಿತ್ರ ಮೂಡಿಸುತ್ತಾರೆ, ಒಂದು ರಾತ್ರಿ ಆರಲು ಬಿಟ್ಟು ಆಮೇಲೆ ಓವನ್. ನನಗೆ ತಕ್ಷಣ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಯಿತು. ಅಮ್ಮನಿಗೆ ಫೋನ್ ಮಾಡಿದೆ, ಊರಿಂದ ಬರುವವರ ಕೈಯಲ್ಲಿ ಅಚ್ಚಿನ ಮಣೆ ಬಂತು. ಜನವರಿಯಲ್ಲಿ ಅಜ್ಜಿಯನ್ನು ಮೇಲೆ ಕರೆದೆ. ಅವರು ಜರಡಿ, ಮೈದಾ ಹಿಡಿದುಕೊಂಡೇ ಬಂದರು. ನಾನು ಮಣೆಗಳನ್ನು ಹಿಂದಿನ ರಾತ್ರಿಯೇ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದ್ದೆ. ಮರ ಹಾಳಾಗುವುದಿಲ್ಲವೇ ಅಂತ ಅವರಿಗೆ ನಿಜವಾಗಲೂ ಸಂಕಟ. ನೆನೆದ ಮರಕ್ಕೆ ಸಕ್ಕರೆ ಪಾಕ ಹಿಡಿಯುವುದಿಲ್ಲ ಅಂತ ಹೇಳಿದೆ, ನಂಬಲಿಲ್ಲ. ಎರಡೂ ಹೋಳು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಪಾಕ ಹುಯ್ದೆವು. ಗಿಳಿ ಇಡಿಯಾಗಿ ಎದ್ದು ಬಂತು. ಗೋಪುರದ ಕಳಶ ಮಾತ್ರ ಒಳಗೇ ಉಳಿಯಿತು. ಅದನ್ನು ಅಜ್ಜಿ ಟೂತ್‌ಪಿಕ್ಕಿನಿಂದ ಎಬ್ಬಿಸಿ ಬಾಯಿಗೆ ಹಾಕಿಕೊಂಡರು.