ಭರಣಿ ಪೆಟ್ಟಿಗೆ

ಊರಿನ ಮನೆ ಪಾಲಾದಾಗ ನನಗೆ ಬಂದದ್ದು ಒಂದು ಪೆಟ್ಟಿಗೆ. ತೋಟ ಮೊದಲೇ ಪಾಲಾಗಿತ್ತು. ಪಾತ್ರೆಗಳ ಲೆಕ್ಕವನ್ನು ಅತ್ತಿಗೆಯರು ಅಡುಗೆಮನೆಯಲ್ಲೇ ಮುಗಿಸಿದ್ದರು. ಉಳಿದದ್ದು ಮರದ ಸಾಮಾನು. ಅದರಲ್ಲಿ ಎಲ್ಲರ ಕಣ್ಣಿದ್ದದ್ದು ಜಗಲಿಯ ಆರಾಮ ಕುರ್ಚಿಯ ಮೇಲೆ. ಬೆತ್ತದ ಹೆಣಿಗೆ, ಹಿಂದಕ್ಕೆ ವಾಲಿದ ಬೆನ್ನು, ಎರಡೂ ಕೈಗಳ ಅಡಿಯಲ್ಲಿ ಮಡಚಿಕೊಂಡ ಒಂದೊಂದು ಹಲಗೆ. ಆ ಹಲಗೆ ಹೊರಗೆ ತಿರುಗಿಸಿ, ಮೇಲೆ ಕಾಲು ಚಾಚಿದರೆ ಯಾರು ಬೇಕಾದರೂ ಕಾಫಿ ತೋಟದ ದೊರೆ. ಅದಕ್ಕೆ ಬೆರಳು ಸಿಕ್ಕಿಸಿಕೊಂಡು ಅಳದ ಮಗು ನಮ್ಮ ಮನೆಯಲ್ಲಿ ಬೆಳೆದೇ ಇಲ್ಲ.

ಕುರ್ಚಿ ಶಿವಮೊಗ್ಗದ ದೊಡ್ಡಣ್ಣನಿಗೆ ಹೋಯಿತು. "ನಿಂಗೆ ಭರಣಿ ಪೆಟ್ಟಿಗೆ ಇರ್ಲಿ ಬಿಡು, ಅದೂ ಬೀಟೆ ಮರದ್ದೇ" ಎಂದು ನನ್ನ ಬೆನ್ನು ಸವರಿದ. ಹೂವಿನ ಬೋಗುಣಿಯನ್ನೂ ಮೆಲ್ಲಗೆ ತನ್ನ ಕಾರಿಗೆ ಹಾಕಿಕೊಂಡ. ಬೋಗುಣಿಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮಜ್ಜ ಕೊಪ್ಪದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ರೈಟರ್ ಅಂದರೆ ಬರೆಯುವವರೇ, ಆದರೆ ಬರೆದದ್ದೆಲ್ಲ ಆಳುಗಳ ಹಾಜರಿ. ಸ್ವಾತಂತ್ರ್ಯ ಬಂದ ಮೇಲೆ ಬಿಳಿ ದೊರೆ ತೋಟ ಮಾರಿ ಹೊರಟ. ಬಂಗಲೆಯ ಸಾಮಾನು ಹರಾಜಾಯಿತು. ಅಜ್ಜ ಗಾಡಿ ಕಟ್ಟಿಸಿಕೊಂಡು ಹೋಗಿ ಕುರ್ಚಿ, ಪೆಟ್ಟಿಗೆ, ಬೋಗುಣಿ ಮೂರನ್ನೂ ತಂದರು. ಪೆಟ್ಟಿಗೆಗೆ ಕೀಲಿನ ಮುಚ್ಚಳ. ತೆರೆದರೆ ಒಳಗೆ ಇನ್ನೊಂದು ಹಲಗೆ. ಹಲಗೆಯ ನಡುವೆ ದುಂಡನೆಯ ತೂತು. ಆ ತೂತಿನಲ್ಲಿ ಅಜ್ಜಿಯ ಮಾವಿನ ಮಿಡಿ ಭರಣಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತಂತೆ. ಅಂದಿನಿಂದ ಅದು ಭರಣಿ ಪೆಟ್ಟಿಗೆ. ಅಜ್ಜಿಯ ನಂತರ ದೊಡ್ಡಮ್ಮನ ಕಾರುಬಾರು. ಸ್ನಾನವಾಗದೆ ಆ ಮುಚ್ಚಳ ಮುಟ್ಟುವ ಹಾಗಿರಲಿಲ್ಲ. ಒಂದು ಸಲ ಶಾಲೆಯಿಂದ ಬಂದವನು ಹಾಗೇ ಮುಟ್ಟಿಬಿಟ್ಟೆ. ದೊಡ್ಡಮ್ಮ ಇಡೀ ಪೆಟ್ಟಿಗೆ ತೊಳೆದು, ಆಮೇಲೆ ನನ್ನನ್ನೂ ತೊಳೆದರು.

ಪೆಟ್ಟಿಗೆಯ ಮುಂಭಾಗದಲ್ಲಿ ಎರಡು ಡ್ರಾಯರ್. ಹಿತ್ತಾಳೆ ಹಿಡಿಕೆ ಇದೆ. ಎಳೆದರೆ ಬರುವುದಿಲ್ಲ. ಒಳಗೆ ದೊರೆಯ ಪವನು ಇದೆ ಎಂದು ನಾವು ಹುಡುಗರು ನಂಬಿದ್ದೆವು. ನಿಜ ಹೇಳಬೇಕೆಂದರೆ ನಾನು ಐವತ್ತೆರಡನೇ ವಯಸ್ಸಿನಲ್ಲೂ ನಂಬಿದ್ದೆ. ಇಲ್ಲದಿದ್ದರೆ 7,500 ರೂಪಾಯಿ ಟೆಂಪೊ ಬಾಡಿಗೆ ಕೊಟ್ಟು ಅದನ್ನು ಬೆಂಗಳೂರಿನ ಎರಡನೇ ಮಹಡಿಗೆ ಯಾಕೆ ಹೊರಿಸುತ್ತಿದ್ದೆ?

"ಇದೇನ್ರೀ ಇದು?" ಅಂದಳು ಹೆಂಡತಿ.

ನಮ್ಮನೆಯಲ್ಲಿ ಭರಣಿ ಇಲ್ಲ. ಉಪ್ಪಿನಕಾಯಿ ಬರುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಡಬ್ಬಿ ಇರುವುದು ಫ್ರಿಜ್ಜಿನಲ್ಲಿ. ಹಾಗಾಗಿ "ಭರಣಿ ಪೆಟ್ಟಿಗೆ" ಎಂಬ ಉತ್ತರ ನಡೆಯಲಿಲ್ಲ. ಇದು ನಿಜವಾಗಿ ಏನು ಎಂದು ಮೊದಲ ಬಾರಿಗೆ ಯೋಚಿಸಿದ್ದು ಆಗಲೇ. ಟೋಪಿ ಇಡುವ ಪೆಟ್ಟಿಗೆ ಅಂದೆ. ಪಕ್ಕದ ಮನೆಯವರು ಐಸ್ ಪೆಟ್ಟಿಗೆ ಇರಬೇಕು ಅಂದರು. ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಕನ್ನಡಕ ಏರಿಸಿ, ತೂತಿನೊಳಗೆ ತಲೆ ಹಾಕಿ ನೋಡಿ, "ಮುಖ ತೊಳೆಯುವ ಬೇಸಿನ್ ಇಡುತ್ತಿದ್ದ ಸ್ಟ್ಯಾಂಡು" ಎಂದು ತೀರ್ಪು ಕೊಟ್ಟರು. ಅವರು ತಲೆ ಹಾಕಿದ್ದನ್ನು ನೆನೆದರೆ ಈಗಲೂ ಪಾಪ ಅನಿಸುತ್ತದೆ.

ಈ ನಡುವೆ ಒಂದು ಅನಾಹುತವಾಯಿತು. ಕೊರೋನಾ ಕಾಲದ ಸ್ಯಾನಿಟೈಸರ್ ಬಾಟಲಿಯನ್ನು ಪೆಟ್ಟಿಗೆಯ ಮೇಲೆ ಇಟ್ಟಿದ್ದೆ. ಅದು ಸೋರಿತು. ಬೆಳಗ್ಗೆ ನೋಡಿದರೆ ಪಾಲಿಶ್ ಕರಗಿ, ಅಂಟಂಟಾಗಿ, ಬಾಟಲಿ ತಳದಷ್ಟೇ ದೊಡ್ಡ ಬಿಳಿ ಬಳೆ. ಗಾಬರಿಯಾಗಿ ಆಚಾರಿಯನ್ನು ಕರೆಸಿದೆ. ಅವರು ಬೆರಳಲ್ಲಿ ಮುಟ್ಟಿ ನೋಡಿ ಖುಷಿಪಟ್ಟರು. "ಅರಗಿನ ಪಾಲಿಶ್ ಸಾರ್. ಸ್ಪಿರಿಟ್‌ನಲ್ಲೇ ಮಾಡೋದು, ಸ್ಪಿರಿಟ್ ಬಿದ್ರೆ ಕರಗುತ್ತೆ. ಈಗಿನ ಪಾಲಿಶ್ ಆಗಿದ್ರೆ ಸುಲಭಕ್ಕೆ ಹೀಗಾಗಲ್ಲ." ನನ್ನ ನಷ್ಟದಲ್ಲಿ ಇಷ್ಟು ಸಂತೋಷ ಕಂಡವರು ಇವರೊಬ್ಬರೇ. ಬಿಳಿ ಗುರುತನ್ನು ಅದೇ ಪಾಲಿಶ್ ಹಚ್ಚಿ ಸರಿಮಾಡಬಹುದು, ಮರಳುಕಾಗದ ಮಾತ್ರ ತಾಗಿಸಬೇಡಿ ಅಂದರು.

ಪೆಟ್ಟಿಗೆಯನ್ನು ಮಗುಚಿದರು. ತಳದಲ್ಲಿ ಒಂದು ಮೂಲೆ ಕೆರೆದರು. ಕೆರೆದ ಜಾಗ ಹೊಂಬಣ್ಣಕ್ಕೆ ತಿರುಗಿತು. "ಬೀಟೆ ಅಲ್ಲ ಸಾರ್, ತೇಗ. ಕಪ್ಪು ಬಣ್ಣ ಮೇಲಿಂದ ಹಾಕಿದ್ದು." ನಮ್ಮ ವಂಶದ ಒಂದು ಹೆಮ್ಮೆ ಹೀಗೆ ಬ್ಲೇಡಿನ ತುದಿಯಲ್ಲಿ ಉದುರಿತು. ಸ್ಕ್ರೂಗಳಿಗೆಲ್ಲ ತಲೆಯಲ್ಲಿ ಒಂದೇ ಗೀರು. ಪ್ಲಸ್ ಗುರುತಿನ ಸ್ಕ್ರೂಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1936ರಲ್ಲಿ. ಅಂದರೆ ಪೆಟ್ಟಿಗೆ ಹಳೆಯದೇ ಎಂದು ನಾನು ಮೀಸೆ ತಿರುವಿದೆ. "ಒಂದು ಗೀರಿನ ಸ್ಕ್ರೂ ಈಗಲೂ ಅಂಗಡೀಲಿ ಸಿಗುತ್ತಲ್ಲ ಸಾರ್" ಅಂದರು ಆಚಾರಿ. ಮೀಸೆ ಇಳಿಸಿದೆ.

"ಡ್ರಾಯರ್ ತೆಗೀರಿ" ಅಂದೆ, ಬಾಗಿಲು ಮುಂದೆ ಮಾಡಿ. ಅವರು ಹಿಡಿಕೆ ಎಳೆದರು, ಬಡಿದರು, ಕಿವಿ ಇಟ್ಟು ಕೇಳಿದರು. ಆಮೇಲೆ ನನ್ನ ಮುಖ ನೋಡಿದರು. "ಇದು ಡ್ರಾಯರೇ ಅಲ್ಲ ಸಾರ್. ಒಂದೇ ಹಲಗೆ. ಡ್ರಾಯರ್ ಥರ ಕಾಣ್ಲಿ ಅಂತ ಗೀರು ಹಾಕಿ ಹಿಡಿಕೆ ಹೊಡೆದಿದ್ದಾರೆ." ಸುಳ್ಳು ಡ್ರಾಯರ್ ಯಾರಿಗೆ ಬೇಕು, ಯಾಕೆ ಬೇಕು ಎಂದು ನಾವಿಬ್ಬರೂ ಕಾಫಿ ಕುಡಿಯುತ್ತ ಯೋಚಿಸಿದೆವು. ಹೊಳೆಯಲಿಲ್ಲ.

ಪವನೂ ಇಲ್ಲ, ಬೀಟೆಯೂ ಅಲ್ಲ ಅಂದಮೇಲೆ ಮಾರಿಬಿಡೋಣ ಅನಿಸಿತು. ಫೋಟೋ ಹಿಡಿದುಕೊಂಡು ಶಿವಾಜಿನಗರದ ಕಡೆ ಹಳೇ ಸಾಮಾನಿನ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯಾತ ಮುಚ್ಚಿದ ಪೆಟ್ಟಿಗೆಯ ಫೋಟೋ ನೋಡಿ ತಲೆಯಾಡಿಸಿದರು. ತೆರೆದ ಪೆಟ್ಟಿಗೆಯ ಫೋಟೋ ನೋಡಿ ನಕ್ಕರು.

"ಪಾಟ್ ಎಲ್ಲಿ ಸಾರ್?"

"ಯಾವ ಪಾಟು?"

"ಒಳಗಡೆ ಇಡೋದು. ಪಿಂಗಾಣಿದು. ಇದು ದೊರೆಗಳ ಕಕ್ಕಸು ಸಾರ್. ರಾತ್ರಿ ಹೊತ್ತು ಹೊರಗೆ ಹೋಗೋ ಹಾಗಿಲ್ಲ ಅಲ್ವಾ, ಮಲಗೋ ಕೋಣೇಲೇ ಇಟ್ಕೊಳ್ತಿದ್ರು."

ಸುಳ್ಳು ಡ್ರಾಯರ್‌ನ ಅರ್ಥ ಆಗ ಆಯಿತು. ನೋಡಿದವರು ಬಟ್ಟೆ ಪೆಟ್ಟಿಗೆ ಅಂದುಕೊಳ್ಳಲಿ ಎಂದು ಆ ವೇಷ. ಕಮೋಡ್ ಅನ್ನುವ ಮಾತಿನ ಗುಟ್ಟೂ ಅದೇ. ಫ್ರೆಂಚಿನಲ್ಲಿ ಅದರ ಅರ್ಥ ಅನುಕೂಲ. ಅಲ್ಲಿ ಕಮೋಡ್ ಅಂದರೆ ಡ್ರಾಯರ್‌ಗಳಿರುವ ಬೀರು. ಆ ಬೀರುವಿನ ವೇಷ ಹಾಕಿದ ಕಕ್ಕಸಿಗೂ ಅದೇ ಹೆಸರು ಅಂಟಿಕೊಂಡಿತು, ಕೊನೆಗೆ ಹೆಸರು ಕಕ್ಕಸಿಗೇ ಉಳಿಯಿತು. ಆ ಬಂಗಲೆಗಳ ಬಚ್ಚಲಿಗೆ ಹೊರಗಿನಿಂದ ಇನ್ನೊಂದು ಬಾಗಿಲು ಇರುತ್ತಿತ್ತು. ಬೆಳಗ್ಗೆ ಆ ಬಾಗಿಲಿನಿಂದ ಬಂದು ಪಾಟು ಹೊತ್ತು ಹೋಗುವವರಿಗೆ ಇದರಲ್ಲಿ ಯಾವ ಅನುಕೂಲವೂ ಇರಲಿಲ್ಲ. ನಮ್ಮ ರಾಜ್ಯದಲ್ಲಿ ಮಲ ಹೊರುವ ಪದ್ಧತಿಯನ್ನು ಸಚಿವ ಬಸವಲಿಂಗಪ್ಪನವರು ನಿಷೇಧಿಸಿದ್ದು 1970ರ ದಶಕದಲ್ಲಿ. ಅಷ್ಟು ಹೊತ್ತಿಗೆ ನಮ್ಮ ಪೆಟ್ಟಿಗೆ ಮಡಿಯಾಗಿ, ಮಿಡಿ ಹೊತ್ತು ಇಪ್ಪತ್ತು ವರ್ಷದ ಮೇಲಾಗಿತ್ತು.

"ಪಾಟ್ ಇದ್ರೆ 20,000 ಕೊಡ್ತೀನಿ. ಇಲ್ದಿದ್ರೆ 8,000" ಅಂದರು ಅಂಗಡಿಯಾತ. "ನೀಲಿ ಹೂವಿಂದು ಇರುತ್ತೆ ನೋಡಿ, ಒಂದೇ ಹಿಡಿ."

ನೀಲಿ ಹೂವು. ಒಂದೇ ಹಿಡಿ.

ಬಸ್ಸಿನಲ್ಲಿ ಕೂತವನಿಗೆ ನಿಲ್ದಾಣ ದಾಟಿದ್ದೂ ಗೊತ್ತಾಗಲಿಲ್ಲ. ನಮ್ಮನೆಯ ಹೂವಿನ ಬೋಗುಣಿ! ದಿನಾ ಬಳಸುವುದಲ್ಲ, ಬೀಗರು ಬಂದಾಗ ಮಾತ್ರ ಅಟ್ಟದಿಂದ ಇಳಿಯುತ್ತಿತ್ತು. ಅದರಲ್ಲಿ ಕೋಸಂಬರಿ. ಇಷ್ಟು ದೊಡ್ಡ ಬೋಗುಣಿಗೆ ಒಂದೇ ಹಿಡಿ ಯಾಕೆ ಎಂದು ಎಪ್ಪತ್ತು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಹೇಳಬಾರದಿತ್ತು. ಅವಳು ಮೊದಲು ನಕ್ಕಳು. ಆಮೇಲೆ ನಗು ನಿಂತಿತು. "ನಮ್ಮಪ್ಪ ಮನೆ ನೋಡೋಕೆ ಬಂದಾಗ..." ಅಂದಳು. ಹೌದು. ಅವತ್ತೂ ಅದರಲ್ಲೇ ಬಡಿಸಿದ್ದು. ಮಾವನವರು ಎರಡು ಸಲ ಹಾಕಿಸಿಕೊಂಡು, "ಇಂಥ ಪಿಂಗಾಣಿ ಈಗ ದುಡ್ಡು ಕೊಟ್ರೂ ಸಿಗಲ್ಲ" ಅಂದಿದ್ದರು. ಆ ಮಾತಿಗೇ ದೊಡ್ಡಪ್ಪ ಒಲಿದು ಸಂಬಂಧ ಕುದುರಿಸಿದ್ದು. ಅಡಿಕೆಗೆ ಹೋದ ಮಾನ ಅನ್ನುತ್ತಾರೆ, ಬೋಗುಣಿಯಿಂದ ಬಂದ ಮಾನಕ್ಕೆ ಏನನ್ನಬೇಕೋ ತಿಳಿಯದು.

ಅವತ್ತೇ ಪೆಟ್ಟಿಗೆ ಬಾಲ್ಕನಿಗೆ ಹೋಯಿತು. ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಚರ್ಚೆ ದಿನಾ ನಡೆಯಿತು. ತೂತು ಮುಚ್ಚಿಸಿ ಚಪ್ಪಲಿ ಇಡೋಣ ಅಂದೆ. ಕುಂಡ ಇಡೋಣ ಅಂದೆ. "ತುಳಸಿ ಮಾತ್ರ ಬೇಡ" ಅಂದಳು. ಅಂಗಡಿಯವರಿಗೇ ಕೊಡುವುದಾದರೆ 12,000 ವ್ಯತ್ಯಾಸ ಶಿವಮೊಗ್ಗದಲ್ಲಿ ಕೂತಿದೆ. ಕಾರಣ ಹೇಳದೆ ಬೋಗುಣಿ ಕೇಳುವುದು ಹೇಗೆ? ಹೇಳಿದರೆ ತೊಂಬತ್ತು ದಾಟಿದ ದೊಡ್ಡಮ್ಮ ಅದೇ ಮನೆಯಲ್ಲಿದ್ದಾರೆ. ಎಪ್ಪತ್ತು ವರ್ಷದ ಮೈಲಿಗೆಯನ್ನು ಈಗ ಎಲ್ಲಿಂದ ತೊಳೆಯಲು ಶುರುಮಾಡಿಯಾರು?

ಗೌರಿಹಬ್ಬದ ಮಾರನೇ ದಿನ ಶಿವಮೊಗ್ಗಕ್ಕೆ ಹೋದೆವು. ಎಲೆ ಹಾಕಿದರು. ದೊಡ್ಡಮ್ಮ ಗೋಡೆಗೆ ಒರಗಿ ಕೂತು ಬಡಿಸುವುದನ್ನು ನೋಡುತ್ತಿದ್ದರು. ಅತ್ತಿಗೆ ಒಳಗಿನಿಂದ ಬಂದರು, ಎರಡು ಕೈಯಲ್ಲಿ ನೀಲಿ ಹೂವಿನ ಬೋಗುಣಿ.

"ನಂಗೆ ಹೆಸರುಬೇಳೆ ಆಗಲ್ಲ ಅತ್ತಿಗೆ, ಗ್ಯಾಸ್" ಅಂದಳು ಹೆಂಡತಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನಾನು ಕೇಳದ ಕಾಯಿಲೆ.

ದೊಡ್ಡಣ್ಣ ನನ್ನನ್ನೇ ನೋಡುತ್ತಿದ್ದ. "ಬೋಗುಣಿ ಮೇಲೆ ನಿಂಗೆ ಕಣ್ಣಿದೆ ಅಂತ ಗೊತ್ತು ಕಣೋ. ಬೇಕಾದ್ರೆ ತಗೊಂಡು ಹೋಗು. ಆದ್ರೆ ಆ ಪೆಟ್ಟಿಗೆ ವಾಪಸ್ ಕೊಡು. ನಿಮ್ಮತ್ತಿಗೆ ಮಿಡಿ ಹಾಕಿದ್ದಾಳೆ, ಭರಣಿ ಎಲ್ಲಿಟ್ರೂ ಅಲ್ಲಾಡುತ್ತೆ."

"ಸ್ನಾನ ಮಾಡೇ ಮುಟ್ತಿದ್ದೀಯ ತಾನೇ ಪೆಟ್ಟಿಗೇನ?" ಅಂದರು ದೊಡ್ಡಮ್ಮ ಗೋಡೆಯ ಕಡೆಯಿಂದ.

"ಹೂಂ ದೊಡ್ಡಮ್ಮ" ಅಂದೆ.

ಅವರು ಕಣ್ಣು ಕಿರಿದು ಮಾಡಿ ನನ್ನ ಎಲೆ ನೋಡುತ್ತಿದ್ದರು. ಎರಡನೇ ಸಲವೂ ಹಾಕಿಸಿಕೊಂಡೆ. ನಿಂಬೆಹುಳಿ ಸ್ವಲ್ಪ ಜಾಸ್ತಿಯಾಗಿತ್ತು, ಅಷ್ಟೇ.