ಸ್ವಾಮಿಕಾರ್ಯ, ಸ್ವಕಾರ್ಯ ಮತ್ತು ವಿಮಾನದ ಟಿಕೆಟ್ಟು

ಮೊನ್ನೆ ಭಾನುವಾರ ಇಲ್ಲಿ ಮೆಲ್ಬರ್ನ್‌ನಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಊಟ. ಬಿಸಿಬೇಳೆ ಬಾತ್ ಬಡಿಸುತ್ತಾ ಒಬ್ಬರು ಪರಿಚಯದ ಹುಡುಗನಿಗೆ ಬುದ್ಧಿ ಹೇಳುತ್ತಿದ್ದರು. "ಬೆಂಗಳೂರಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೀಯ ತಾನೇ? ವರ್ಷಕ್ಕೊಂದು ಸಲ ಹೋಗಿ ನೋಡ್ಕೊಂಡು ಬಾ. ಟಿಕೆಟ್ ದುಡ್ಡನ್ನ ಟ್ಯಾಕ್ಸ್‌ನಲ್ಲಿ ಕ್ಲೈಮ್ ಮಾಡು. ಸ್ವಾಮಿಕಾರ್ಯದ ಜೊತೆ ಸ್ವಕಾರ್ಯ!" ಹುಡುಗ ಫೋನ್ ತೆಗೆದು ಬರೆದುಕೊಳ್ಳುತ್ತಿದ್ದ. ನಾನು ಹಪ್ಪಳ ಕೆಳಗಿಟ್ಟು ಬಾಯಿ ಹಾಕಲೇಬೇಕಾಯಿತು.

ಈ ಉಪದೇಶಕ್ಕೆ ವಾಯಿದೆ ಮುಗಿದು ಎಷ್ಟೋ ವರ್ಷ ಆಯಿತು. 2017ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ ಬಾಡಿಗೆಗೆ ಕೊಟ್ಟ ಮನೆ ನೋಡಲು ಹೋಗುವ ಖರ್ಚನ್ನು ನಮ್ಮಂಥ ಸಾಮಾನ್ಯ ಮಾಲೀಕರು ಆದಾಯದಲ್ಲಿ ಕಳೆಯುವಂತಿಲ್ಲ. ವಿಮಾನ, ಪೆಟ್ರೋಲ್, ಹೋಟೆಲ್, ದಾರಿಯ ಊಟ, ಯಾವುದೂ ಇಲ್ಲ. ಮನೆ ಬ್ರಿಸ್ಬೇನ್‌ನಲ್ಲಿರಲಿ, ಬನಶಂಕರಿಯಲ್ಲಿರಲಿ, ಒಂದೇ ಕಥೆ. ಮುಂದೆ ಮನೆ ಮಾರುವಾಗ ಲಾಭದ ಲೆಕ್ಕದಲ್ಲಿ ಆ ಖರ್ಚನ್ನು ಮನೆಯ ಬೆಲೆಗೆ ಸೇರಿಸೋಣ ಅಂದರೆ ಆ ಬಾಗಿಲನ್ನೂ ಮುಚ್ಚಿದ್ದಾರೆ.

ಅದಕ್ಕೆ ಮೊದಲು ಹೇಗಿತ್ತು ಗೊತ್ತಾ? ಮನೆ ನೋಡಲೆಂದೇ ಹೋದರೆ ಪೂರ್ತಿ ಖರ್ಚು ಕಳೆಯಬಹುದಿತ್ತು. ಜೊತೆಗೆ ಸುತ್ತಾಟವೂ ಇದ್ದರೆ ಪಾಲು ಹಾಕಬೇಕಿತ್ತು. ಸುತ್ತಾಟವೇ ಮುಖ್ಯವಾಗಿ, ನಡುವೆ ಮನೆಗೆ ಇಣುಕಿ ಬಂದಿದ್ದರೆ ವಿಮಾನದ ಖರ್ಚಂತೂ ಸಿಗುತ್ತಿರಲಿಲ್ಲ, ಮನೆವರೆಗಿನ ಟ್ಯಾಕ್ಸಿಯಂಥ ಸಣ್ಣಪುಟ್ಟ ಖರ್ಚಷ್ಟೇ. ನಿಯಮ ನ್ಯಾಯವಾಗಿಯೇ ಇತ್ತು. ಆದರೆ ಯಾವುದು ಮುಖ್ಯ, ಯಾವುದು ನಡುವೆ ಎಂದು ತೀರ್ಮಾನ ಮಾಡುತ್ತಿದ್ದವರು ನಾವೇ ಅಲ್ವಾ!

ನನ್ನದೇ ಹೇಳುತ್ತೇನೆ. 2013ರಲ್ಲಿ ಬ್ರಿಸ್ಬೇನ್ ಹತ್ತಿರ ಬಾಡಿಗೆಗೆ ಕೊಡಲೆಂದು ಒಂದು ಸಣ್ಣ ಯೂನಿಟ್, ಅಂದರೆ ಫ್ಲ್ಯಾಟ್, ತಗೊಂಡೆವು. ಅಲ್ಲಿಂದ ಗೋಲ್ಡ್ ಕೋಸ್ಟ್‌ಗೆ ಕಾರಿನಲ್ಲಿ ಒಂದು ಗಂಟೆ. ಮಕ್ಕಳಿಗೆ ಶಾಲೆ ರಜೆ ಬಂದಾಗಲೇ ನಮ್ಮ ಯೂನಿಟ್‌ನ ನಲ್ಲಿ ಸೋರುತ್ತಿದೆಯಾ ಎಂಬ ಚಿಂತೆ ನನಗೆ ಹತ್ತುತ್ತಿತ್ತು. ಜೂನ್‌ನಲ್ಲಿ ಮೆಲ್ಬರ್ನ್ ಚಳಿ ಜಾಸ್ತಿಯಾದಷ್ಟೂ ಚಿಂತೆಯೂ ಜಾಸ್ತಿ. ಐದು ದಿನದಲ್ಲಿ ಯೂನಿಟ್‌ಗೆ ಕೊಟ್ಟದ್ದು ನಲವತ್ತು ನಿಮಿಷ. ಉಳಿದದ್ದೆಲ್ಲ ಬೀಚು, ವಾಟರ್ ಪಾರ್ಕು. ಅಕೌಂಟೆಂಟ್ ಮುಂದೆ ಕೂತು "ಅರ್ಧ ಹಾಕಿ" ಅಂದಿದ್ದೆ. ಅವರು ನನ್ನ ಮುಖ ನೋಡಿದರು. ಹೆಂಡತಿ ಗೋಡೆಯ ಕ್ಯಾಲೆಂಡರ್ ನೋಡಿದಳು.

ಅಷ್ಟು ಮಾಡಿ ಸಿಕ್ಕಿದ್ದೆಷ್ಟು? ಕ್ಲೈಮ್ ಅಂದರೆ ಟಿಕೆಟ್ ಫ್ರೀ ಅಂತ ಈಗಲೂ ಎಷ್ಟೋ ಜನ ತಿಳಿದಿದ್ದಾರೆ. ಸಾವಿರ ಡಾಲರ್ ಖರ್ಚು ತೋರಿಸಿದರೆ ಸಾವಿರ ವಾಪಸ್ ಬರುವುದಿಲ್ಲ. ಆ ಸಾವಿರದ ಮೇಲಿನ ತೆರಿಗೆ ಉಳಿಯುತ್ತದೆ, ಅಷ್ಟೇ. ಆಗ ನನ್ನ ಸ್ಲ್ಯಾಬ್ 32.5 ಪರ್ಸೆಂಟ್. ಅಂದರೆ 325 ಡಾಲರ್. ಅದಕ್ಕಾಗಿ ಇಷ್ಟು ನಾಟಕ.

ನನ್ನಂಥವರು ಊರು ತುಂಬ ಇದ್ದೆವು. 2017ರ ಮೇ 9ರಂದು ಆಗಿನ ಖಜಾಂಚಿ, ಅಂದರೆ ಇಲ್ಲಿನ ಹಣಕಾಸು ಮಂತ್ರಿ, ಸ್ಕಾಟ್ ಮಾರಿಸನ್ ಬಜೆಟ್ ಮಂಡಿಸಿದಾಗ ಈ ಕ್ಲೈಮನ್ನೇ ಕಿತ್ತು ಹಾಕಿದರು. ಸ್ವಂತದ ಓಡಾಟವನ್ನೂ ಜನ ಇದರೊಳಗೆ ತುರುಕುತ್ತಿದ್ದಾರೆ ಎಂಬುದೇ ಕಾರಣ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಇಲ್ಲ. ಬೈಸಿಕೊಳ್ಳುವ ಕೆಲಸ ಮಾಡಿದ್ದೆವು, ಬೈಸಿಕೊಂಡೆವು.

ಆದರೂ ಒಂದು ತಕರಾರು ಇದೆ. ಯೂನಿಟ್‌ನಲ್ಲಿ ಪೈಪ್ ಒಡೆದರೆ ಪ್ಲಂಬರ್ ಬರುತ್ತಾನೆ. ಬಂದದ್ದಕ್ಕೇ ಒಂದು ಚಾರ್ಜ್ ಹಾಕುತ್ತಾನೆ. ಅದನ್ನು ಕಳೆಯಬಹುದು. ಏಜೆಂಟ್ ಹೋಗಿ ಮನೆ ನೋಡಿ ಬಂದರೆ ಅವರ ಫೀಸನ್ನೂ ಕಳೆಯಬಹುದು. ನಾನೇ ಸ್ಪ್ಯಾನರ್ ಹಿಡಿದು ಹೋದರೆ ಪೆಟ್ರೋಲ್ ನನ್ನ ತಲೆಗೆ. ಒಂದೇ ಮನೆ ಇಟ್ಟುಕೊಂಡು ತಾನೇ ಹುಲ್ಲು ಕತ್ತರಿಸುವ ರಿಟೈರ್ಡ್ ಮೇಷ್ಟರಿಗೂ ಇದೇ ನಿಯಮ. ಮನೆಯ ಬದಲು ಅಂಗಡಿ ಮಳಿಗೆ ಇದ್ದರೆ ಓಡಾಟದ ಖರ್ಚು ಈಗಲೂ ನಡೆಯುತ್ತದೆ. ಕಂಪನಿಗಳಿಗೂ ಈ ನಿಷೇಧ ಇಲ್ಲ. ಬಾಡಿಗೆಯನ್ನೇ ವ್ಯಾಪಾರವಾಗಿ ಮಾಡುವವರಿಗೂ ಇಲ್ಲ, ಆದರೆ ಒಂದೆರಡು ಮನೆ ಇಟ್ಟುಕೊಂಡವರನ್ನು ತೆರಿಗೆಯವರು ಆ ಸಾಲಿಗೆ ಸೇರಿಸುವುದಿಲ್ಲ. ಕಳ್ಳತನ ಮಾಡಿದವರು ನಾವು, ಏಟು ಬಿದ್ದದ್ದು ಮೇಷ್ಟರಿಗೂ.

ಈ ವಿಷಯದಲ್ಲಿ ನಮ್ಮ ಊರಿನ ಲೆಕ್ಕವೇ ನನಗೆ ಇಷ್ಟ. ಭಾರತದಲ್ಲಿ ಮನೆ ಬಾಡಿಗೆಗೆ ಓಡಾಟದ ಕ್ಲೈಮ್ ಅನ್ನೋದೇ ಇಲ್ಲ. ರಿಪೇರಿಯ ರಸೀದಿಯನ್ನೂ ಕೇಳುವುದಿಲ್ಲ. ಬಂದ ಬಾಡಿಗೆಯಲ್ಲಿ ನೀವು ಕಟ್ಟಿದ ಕಂದಾಯ ಕಳೆಯಿರಿ, ಉಳಿದದ್ದರಲ್ಲಿ ಮೂವತ್ತು ಪರ್ಸೆಂಟ್ ಸುಮ್ನೆ ಬಿಟ್ಟುಬಿಡುತ್ತಾರೆ. ತಿಂಗಳಿಗೆ 25,000 ಬಾಡಿಗೆ ಅಂದರೆ ವರ್ಷಕ್ಕೆ 3 ಲಕ್ಷ. ಕಂದಾಯ 12,000 ಅಂದುಕೊಳ್ಳಿ. ಉಳಿಯುವ 2,88,000ದಲ್ಲಿ 86,400 ಬಿಡುಗಡೆ. ನೀವು ಸುಣ್ಣ ಹೊಡೆಸಿ, ಬಿಡಿ. ಬಸ್ಸಲ್ಲಿ ಹೋಗಿ ನೋಡಿ, ವಿಮಾನದಲ್ಲಿ ಹೋಗಿ, ಹೋಗದೇ ಇರಿ. ಸಾಲ ಇದ್ದರೆ ಬಡ್ಡಿಯ ಲೆಕ್ಕ ಬೇರೆ. ಏನೂ ಖರ್ಚು ಮಾಡದ ಜಿಪುಣನಿಗೂ ಅದೇ ಮೂವತ್ತು ಸಿಗುತ್ತದೆ, ಹೌದು. ಸಿಗಲಿ ಬಿಡಿ. ಯಾರೂ ಕಥೆ ಕಟ್ಟಬೇಕಾಗಿಲ್ಲ, ಯಾರ ಹೆಂಡತಿಯೂ ಕ್ಯಾಲೆಂಡರ್ ನೋಡಬೇಕಾಗಿಲ್ಲ.

ಇಲ್ಲಿರುವ ನಮಗೆ ಮಾತ್ರ ಎರಡೂ ಕಡೆ ಪೀಕಲಾಟ. ಮೈಸೂರಿನ ಮನೆಯ ಬಾಡಿಗೆಯನ್ನು ಇಲ್ಲಿಯ ರಿಟರ್ನ್‌ನಲ್ಲೂ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಕ್ರೆಡಿಟ್ ಸಿಗುತ್ತದೆ, ಆದರೆ ಆ ಮೂವತ್ತು ಪರ್ಸೆಂಟ್ ಇಲ್ಲಿ ನಡೆಯುವುದಿಲ್ಲ. ನಿಜವಾದ ಖರ್ಚು, ನಿಜವಾದ ರಸೀದಿ ಬೇಕು. ನಮ್ಮ ಮೈಸೂರಿನ ಪೇಂಟರ್ ಮದುವೆ ಕಾಗದದ ಹಿಂಬದಿಯಲ್ಲಿ ಲೆಕ್ಕ ಬರೆದುಕೊಟ್ಟಿದ್ದ. ಅಕ್ಷರ ಮುದ್ದಾಗಿತ್ತು, ಮೊತ್ತವೂ ಸರಿಯಿತ್ತು. ನಮ್ಮ ಅಕೌಂಟೆಂಟ್ ಅದನ್ನು ತಿರುಗಿಸಿ ವಧೂವರರ ಹೆಸರು ಓದಿ, ವಾಪಸ್ ಕೊಟ್ಟರು. ಅದಕ್ಕೇ ಈಗ ಬ್ಯಾಂಕಿನಿಂದಲೇ ದುಡ್ಡು ಕಳಿಸುತ್ತೇನೆ. ಹೆಸರು, ತಾರೀಕು, ಕೆಲಸ ಬರೆದು ಸಹಿ ಮಾಡಿದ ಒಂದು ಚೀಟಿಯನ್ನೂ ತರಿಸಿಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಇಷ್ಟನ್ನೂ ಊಟದ ಮೇಜಿನಲ್ಲಿ ಹೇಳಿದೆ. ಬಾತ್ ಆರಿ ಹೋಯಿತು. ಹುಡುಗ ಬರೆದುಕೊಂಡಿದ್ದನ್ನು ಅಳಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದ, "ಅಂಕಲ್, ಆ ಬಾಡಿಗೆಯನ್ನ ಇಲ್ಲೂ ತೋರಿಸಬೇಕಾ?"

"ಪಿಆರ್ ಬಂದಿದೆಯಾ?" ಎಂದೆ. ಪಿಆರ್ ಅಂದರೆ ಇಲ್ಲಿ ಕಾಯಂ ಇರಲು ಅನುಮತಿ. ಅದಿಲ್ಲದೆ ಟೆಂಪರರಿ ವೀಸಾದಲ್ಲಿರುವವರಿಗಾದರೆ ಹೊರದೇಶದ ಬಾಡಿಗೆಯ ಮೇಲೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ.

"ಎರಡು ವರ್ಷ ಆಯ್ತು."

ಉಪದೇಶ ಮಾಡುತ್ತಿದ್ದವರು ಮಜ್ಜಿಗೆ ತರುತ್ತೇನೆಂದು ಎದ್ದು ಒಳಗೆ ಹೋದರು.