ಮಿಸ್, ಸ್ವಲ್ಪ ಕೈ ಕಟ್ಟಿ

"ಕೈ ಕಟ್ಟು, ಬಾಯಿ ಮುಚ್ಚು." ಪ್ರಾಥಮಿಕ ಶಾಲೆಯ ಮೊದಲ ಪಾಠ ಇದೇ. ಅಕ್ಷರ, ಮಗ್ಗಿ ಎಲ್ಲ ಇದರ ಹಿಂದೆ ಬಂದವು. ಈ ಪಾಠ ಬೇಗ ಕಲಿತ ಮಗುವಿಗೆ ಜಾಣ ಅಂತ ಹೆಸರು. ಬೆಂಚಿನ ಮೇಲೆ ಬೆರಳಲ್ಲೇ ಚಿತ್ರ ಬರೆಯುತ್ತಾ ಕೂತವನಿಗೆ ಬೇರೆ ಹೆಸರು.

ಈಗ ಕಾಲ ಬದಲಾಗಿದೆ. ಮಾಡಿ ಕಲಿಯಿರಿ ಅನ್ನುತ್ತೇವೆ. ಮಕ್ಕಳ ಕೈ ಬಿಚ್ಚಿದ್ದೇವೆ. ಆ ಕೈಗೆ ಕಡ್ಡಿ, ಮಣಿ, ಜೇಡಿಮಣ್ಣು, ಕತ್ತರಿ, ಗೋಂದು ಕೊಟ್ಟಿದ್ದೇವೆ. ಆದರೆ ಕೈ ಕಟ್ಟುವ ಕೆಲಸವೇನೂ ರದ್ದಾಗಿಲ್ಲ. ಅದು ಮೇಜಿನ ಈಚೆಗೆ ಬಂದಿದೆ, ಅಂದರೆ ನಮ್ಮ ಕಡೆಗೆ. ಪಾಠ ಹೇಳಿ ಅಭ್ಯಾಸವಾದವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಎರಡನೇ ತರಗತಿಯ ಮಿಸ್ ಆಗಿ ಇಷ್ಟನ್ನಂತೂ ಧೈರ್ಯವಾಗಿ ಹೇಳಬಲ್ಲೆ.

ಉದ್ದ ಅಳೆಯುವ ಪಾಠವನ್ನೇ ನೋಡಿ. ಬೆಂಚು ಎಷ್ಟು ಗೇಣು ಇದೆ, ಅಳೆದು ಹೇಳಿ ಅಂದರೆ ಸಾಕು, ಹತ್ತೇ ನಿಮಿಷಕ್ಕೆ ಜಗಳ. ಒಬ್ಬಳು ಎಂಟು ಅನ್ನುತ್ತಾಳೆ. ಇನ್ನೊಬ್ಬ ಒಂಬತ್ತು ಅನ್ನುತ್ತಾನೆ. ಮೂರನೆಯವನದು ಎಂಟು ಗೇಣು ಮತ್ತು ಒಂದು ಹೆಬ್ಬೆರಳು. ಬೆಂಚು ಒಂದೇ, ಉತ್ತರ ಮೂರು! "ನೀನು ಮಧ್ಯೆ ಜಾಗ ಬಿಟ್ಟೆ." "ಇಲ್ಲ, ನಿನ್ನ ಕೈಯೇ ಸರಿ ಇಲ್ಲ." ಕೊನೆಗೆ ಎಲ್ಲರೂ ತೀರ್ಪಿಗೆ ಬರುತ್ತಾರೆ: "ಮಿಸ್, ನೀವೇ ಅಳೆಯಿರಿ." ನಾನು ಅಳೆದರೆ ಆರು. ಗಲಾಟೆ ಇನ್ನೂ ಜಾಸ್ತಿ.

ಇಲ್ಲೇ ನಾಲಿಗೆ ತುರಿಸುವುದು. ಸ್ಕೇಲ್ ಅನ್ನುವ ಒಂದು ಮಾತು ತುಟಿಯವರೆಗೂ ಬಂದು ನಿಂತಿರುತ್ತದೆ. ಅಂದುಬಿಟ್ಟರೆ ಮುಗಿಯಿತು. ಮಕ್ಕಳು ಸ್ಕೇಲ್ ತೆಗೆದು, ಅಳೆದು, ಅಂಕಿ ಬರೆದು, ಬೆಲ್ ಹೊಡೆಯಲು ಕಾಯುತ್ತಾರೆ. ಜಗಳ ನಿಲ್ಲುತ್ತದೆ. ಅದರ ಜೊತೆಗೆ ಯೋಚನೆಯೂ ನಿಲ್ಲುತ್ತದೆ. ಹಲ್ಲು ಕಚ್ಚಿಕೊಂಡು ಇನ್ನೂ ಸ್ವಲ್ಪ ಹೊತ್ತು ತಡೆದರೆ ಬೇರೆಯೇ ಆಟ. "ಎಲ್ಲಾ ಬೆಂಚನ್ನೂ ಇವಳೊಬ್ಬಳೇ ಅಳೆಯಲಿ" ಅನ್ನುತ್ತದೆ ಒಂದು ದನಿ. ಅವಳು ನಾಳೆ ರಜೆ ಹಾಕಿದರೆ ಏನು ಮಾಡೋದು ಅಂತ ಇನ್ನೊಂದು. ಮೂಲೆಯಲ್ಲಿದ್ದವನು ಸದ್ದಿಲ್ಲದೆ ಹೋಗಿ ಅವಳ ಗೇಣಿನಷ್ಟು ಉದ್ದದ ದಾರ ಕತ್ತರಿಸಿಕೊಂಡು ಬರುತ್ತಾನೆ. ಇನ್ನು ಅವಳು ಬರಲಿ ಬಿಡಲಿ, ದಾರ ಇದೆ. 1799ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡವರೆಲ್ಲ ಸೇರಿ ಪ್ಲಾಟಿನಂ ಸರಳೊಂದನ್ನು ಮಾಡಿಸಿ, ಇದೇ ಮೀಟರು ಅಂತ ಜೋಪಾನವಾಗಿ ದಾಖಲೆ ಭಂಡಾರದಲ್ಲಿಟ್ಟರು. ಊರಿಗೊಂದು ಅಳತೆ ಇದ್ದು ಸಾಕಾಗಿತ್ತು ಅವರಿಗೆ. ನಮ್ಮವರು ದಾರವನ್ನು ಜಾಮಿಟ್ರಿ ಬಾಕ್ಸಿನಲ್ಲಿಟ್ಟರು. ಕಾರಣ ಎರಡಕ್ಕೂ ಒಂದೇ.

ಹೇಳಿಬಿಟ್ಟರೆ ಏನು ತಪ್ಪು ಅಂತ ಕೇಳಬಹುದು. ತಪ್ಪೇನಿಲ್ಲ, ಆದರೆ ಬಹಳ ಸಲ ಹೇಳಿದ್ದು ತಾಗುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಾಡಿದ ನೀರಿನ ಪ್ರಯೋಗ ಯಾವ ಮನೆಯಲ್ಲಾದರೂ ಮಾಡಿ ನೋಡಬಹುದು. ಒಂದೇ ಥರದ ಎರಡು ಲೋಟದಲ್ಲಿ ಸಮನಾಗಿ ನೀರು ಹಾಕಿ. ಒಂದರ ನೀರನ್ನು ಮಗುವಿನ ಕಣ್ಣೆದುರೇ ಉದ್ದನೆಯ, ಕಿರಿದಾದ ಲೋಟಕ್ಕೆ ಸುರಿಯಿರಿ. ಯಾವುದರಲ್ಲಿ ಜಾಸ್ತಿ ಅಂತ ಕೇಳಿದರೆ ನಾಲ್ಕೈದು ವರ್ಷದ ಮಗು ಸಾಮಾನ್ಯವಾಗಿ ಉದ್ದನೆಯದನ್ನೇ ತೋರಿಸುತ್ತದೆ. ಏಳರ ಹೊತ್ತಿಗೆ ಹೆಚ್ಚಿನ ಮಕ್ಕಳು ಎರಡೂ ಅಷ್ಟೇ ಅನ್ನುತ್ತಾರೆ. ಈ ಎರಡರ ನಡುವಿನ ವಯಸ್ಸಿನ ಮಕ್ಕಳಿಗೆ ಎಷ್ಟು ವಿವರಿಸಿದರೂ "ಹ್ಞೂಂ ಮಿಸ್" ಅಂತ ತಲೆ ಆಡಿಸುತ್ತಾರೆ. ಆಮೇಲೆ ಕುಡಿಯಲು ಕೊಟ್ಟರೆ ಕೈ ಹೋಗುವುದು ಉದ್ದನೆಯ ಲೋಟಕ್ಕೇ. ಅವರು ನಮ್ಮ ಮನಸ್ಸು ನೋಯಿಸಬಾರದು ಅಂತ ಒಪ್ಪಿಕೊಂಡಿದ್ದರು, ಅಷ್ಟೇ. ತಾವೇ ಸುರಿದು, ವಾಪಸ್ ಸುರಿದು, ಮೇಜನ್ನೆಲ್ಲ ಒದ್ದೆ ಮಾಡಿದ ಮೇಲೆ ಅವರಿಗೇ ಅನುಮಾನ ಹುಟ್ಟಬೇಕು.

ಸುರಿಯುವುದಕ್ಕೆ ಜಾಗ ಬೇಕಲ್ಲ, ಅದು ಇನ್ನೊಂದು ಕಥೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೋದಲ್ಲಿ ಒಂದು ಶಾಲೆ ಶುರು ಮಾಡಿದರು. ಮಕ್ಕಳು ಅಡುಗೆ, ಮರಗೆಲಸ, ನೇಯ್ಗೆ ಮಾಡುತ್ತಲೇ ಪಾಠ ಕಲಿಯುತ್ತಿದ್ದ ಶಾಲೆ ಅದು. ಮಕ್ಕಳಿಗೆ ಹೊಂದುವ ಮೇಜು ಕುರ್ಚಿ ಹುಡುಕಿಕೊಂಡು ಅಂಗಡಿ ಅಂಗಡಿ ತಿರುಗಿದ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ಎಲ್ಲೂ ಸರಿಯಾದದ್ದು ಸಿಗಲಿಲ್ಲ. ಕೊನೆಗೆ ಒಬ್ಬ ಬುದ್ಧಿವಂತ ಅಂಗಡಿಯವನು ಹೇಳಿದನಂತೆ: ನಿಮಗೆ ಬೇಕಾದದ್ದು ಮಕ್ಕಳು ಕೆಲಸ ಮಾಡುವಂಥ ಮೇಜು, ನಮ್ಮಲ್ಲಿ ಇರುವುದೆಲ್ಲ ಕೂತು ಕೇಳುವುದಕ್ಕೆ ಮಾಡಿದ್ದು. ನೂರಿಪ್ಪತ್ತು ವರ್ಷದ ಮೇಲಾಯಿತು. ಇವತ್ತಿಗೂ ಬೆಂಚಿನ ಇಳಿಜಾರಿನಲ್ಲಿ ಉರುಳಿಹೋಗುವ ಗೋಲಿಗಳ ಹಿಂದೆ ನಾವು ಓಡುತ್ತಲೇ ಇದ್ದೇವೆ. ಅದಕ್ಕೇ ನಮ್ಮ ಚಟುವಟಿಕೆಯೆಲ್ಲ ನೆಲದ ಮೇಲೆ. ನೆಲದ ಮೇಲೆ ಬಿದ್ದದ್ದು ಇನ್ನೆಲ್ಲಿಗೂ ಬೀಳುವುದಿಲ್ಲ.

ಇನ್ನು ಬೀರು. ಪ್ರತಿ ಶಾಲೆಯಲ್ಲೂ ಒಂದು ಬೀರು ಇರುತ್ತದೆ. ಅದರೊಳಗೆ ಬಣ್ಣಬಣ್ಣದ ಕಿಟ್ ಇರುತ್ತದೆ. ಮಕ್ಕಳ ಕೈಗೆ ಸಿಕ್ಕರೆ ಹಾಳಾಗುತ್ತದೆ ಅಂತ ಬೀಗ ಹಾಕಿರುತ್ತಾರೆ. ಪರಿಶೀಲನೆಗೆ ಬಂದವರು ನೋಡಿದರೆ ಎಲ್ಲ ಹೊಸದರಂತೆ ಫಳಫಳ! ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿ 1907ರ ಜನವರಿಯಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ಮಕ್ಕಳ ಮನೆ ಅನ್ನುವ ಶಾಲೆ ತೆರೆದಾಗ ಅಲ್ಲೂ ಬೀರುವಿಗೆ ಬೀಗವೇ ಇತ್ತು. ಸಾಮಾನು ತೆಗೆದು ಹಂಚುವುದು ಶಿಕ್ಷಕಿಯ ಕೆಲಸ. ಒಂದು ದಿನ ಆಕೆ ಬೀಗ ಹಾಕಲು ಮರೆತಿದ್ದರು, ಬರುವುದೂ ತಡವಾಯಿತು. ಬಂದು ನೋಡಿದರೆ ಮಕ್ಕಳೇ ಬಾಗಿಲು ತೆಗೆದು, ತಮಗೆ ಬೇಕಾದದ್ದು ಆರಿಸಿಕೊಂಡು ಕೆಲಸಕ್ಕೆ ಕೂತಿದ್ದಾರೆ. ಶಿಕ್ಷಕಿಗೆ ಇದು ಕಳ್ಳತನದಂತೆ ಕಂಡಿತು. ಮಾಂಟೆಸೊರಿಗೆ ಹಾಗೆ ಕಾಣಲಿಲ್ಲ. ಬೀರುವಿನ ಬದಲು ಮಕ್ಕಳ ಕೈಗೆಟುಕುವ ಗಿಡ್ಡ ಕಪಾಟುಗಳು ಬಂದವು. ಕಲಿಕೆಯ ಚರಿತ್ರೆಯಲ್ಲಿ ತಡವಾಗಿ ಬಂದದ್ದರಿಂದ ಇಷ್ಟು ಉಪಕಾರ ಮಾಡಿದ ಟೀಚರ್ ಇನ್ನೊಬ್ಬರಿಲ್ಲ ಅನಿಸುತ್ತದೆ. ನಾನು ತಡವಾಗಿ ಹೋದರೆ ಈ ಕಥೆ ಹೇಳಬೇಕು ಅಂದುಕೊಂಡಿದ್ದೇನೆ. ಹೆಡ್ ಮಿಸ್ ಒಪ್ಪುತ್ತಾರೋ ಇಲ್ಲವೋ.

ಹಾಗಂತ ಕೈಯಾಡಿಸಿದ್ದೆಲ್ಲ ಕಲಿಕೆ ಅಲ್ಲ. ಕುರಿಯ ಚಿತ್ರಕ್ಕೆ ಇಡೀ ಪೀರಿಯಡ್ ಹತ್ತಿ ಅಂಟಿಸಿದರೆ ಮಗುವಿಗೆ ಕುರಿಯ ಬಗ್ಗೆ ಏನೂ ಗೊತ್ತಾಗುವುದಿಲ್ಲ, ಗೋಂದಿನ ಬಗ್ಗೆ ಗೊತ್ತಾಗುತ್ತದೆ. ಎಲ್ಲರ ಕುರಿಯೂ ಒಂದೇ ಥರ ಬಂದರಂತೂ ಅದು ಕಾರ್ಖಾನೆಯ ಕೆಲಸ. ಇನ್ನು ಪ್ರದರ್ಶನಕ್ಕೆ ಬರುವ ಮಾದರಿಗಳ ಮಾತು ಬೇಡವೇ ಬೇಡ. ಲಾವಾ ಉಕ್ಕುವ ಜ್ವಾಲಾಮುಖಿಯನ್ನು ಹೊತ್ತು ತಂದ ಮಗುವನ್ನು "ಹೇಗೆ ಮಾಡಿದೆ ಪುಟ್ಟಾ?" ಅಂತ ಕೇಳಿ ನೋಡಿ. "ಅಪ್ಪ ಮುಟ್ಟಬೇಡ ಅಂದ್ರು" ಅನ್ನುತ್ತದೆ.

ಬೀಜ ಮೊಳೆಯಿಸುವ ಪಾಠದಲ್ಲಿ ಮಾತ್ರ ಮಕ್ಕಳೂ ಕೈ ಕಟ್ಟಬೇಕು, ಅದು ಅವರಿಂದ ಆಗುವುದಿಲ್ಲ. ಹುರುಳಿಕಾಯಿ ಬೀಜವನ್ನು ಇವತ್ತು ಮಣ್ಣಲ್ಲಿ ಹೂತರೆ ನಾಳೆ ಬೆಳಗ್ಗೆ ತೆಗೆದು ನೋಡುತ್ತಾರೆ. ಮತ್ತೆ ಹೂಳುತ್ತಾರೆ. ಮಧ್ಯಾಹ್ನ ಮತ್ತೆ. ಪಾಪ, ಬೀಜ ಮೊಳೆಯುವುದಾದರೂ ಯಾವಾಗ? ಗಾಜಿನ ಲೋಟದ ಒಳಗೋಡೆಗೆ ಒದ್ದೆ ಬಟ್ಟೆ ಸುತ್ತಿ, ಗಾಜಿಗೂ ಬಟ್ಟೆಗೂ ನಡುವೆ ಬೀಜ ಸಿಕ್ಕಿಸಿದರೆ ಅಗೆಯದೆ ನೋಡಬಹುದು. ಬೀಜವನ್ನು ತಲೆಕೆಳಗಾಗಿ ಇಟ್ಟರೂ ಬೇರು ತಿರುಗಿಕೊಂಡು ಕೆಳಗೇ ಹೋಗುತ್ತದೆ. "ಅದಕ್ಕೆ ಕಣ್ಣಿಲ್ವಲ್ಲ, ಹೇಗೆ ಗೊತ್ತಾಯ್ತು?" ಅನ್ನುವ ಪ್ರಶ್ನೆ ಆಗಲೇ ಬರುವುದು.

ನನಗೆ ಎಲ್ಲಕ್ಕಿಂತ ಇಷ್ಟ ತೇಲುವ, ಮುಳುಗುವ ವಸ್ತುಗಳ ಪಾಠ. ಒಂದು ಬಕೆಟ್ ನೀರು ಸಾಕು. ಮೊದಲು ಊಹಿಸಬೇಕು, ಆಮೇಲೆ ಹಾಕಬೇಕು, ಅದೊಂದೇ ನಿಯಮ. ಭಾರ ಇದ್ದದ್ದು ಮುಳುಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಸಣ್ಣ ಗುಂಡುಪಿನ್ನು ಮುಳುಗುತ್ತದೆ, ದಪ್ಪ ಮರದ ತುಂಡು ತೇಲುತ್ತದೆ. ನಿಯಮ ಅಲ್ಲಿಗೆ ಬಿತ್ತು. ಸಿಪ್ಪೆ ಇರುವ ಕಿತ್ತಳೆ ತೇಲುತ್ತದೆ, ಸಿಪ್ಪೆ ಸುಲಿದರೆ ಸಾಮಾನ್ಯವಾಗಿ ಮುಳುಗುತ್ತದೆ. ಭಾರ ಕಡಿಮೆ ಆದ ಮೇಲೆ ಮುಳುಗಿತಲ್ಲ! ಸಿಪ್ಪೆಯೊಳಗಿನ ಗಾಳಿಯ ಮಾತು ಅವರ ಬಾಯಿಂದಲೇ ಬರಲಿ ಅಂತ ಕಾಯುತ್ತಿರುತ್ತೇನೆ. ಅಷ್ಟರಲ್ಲಿ ಯಾರೋ ಮುಳುಗಿದ ಜೇಡಿಮಣ್ಣಿನ ಉಂಡೆಯನ್ನು ತೆಗೆದು, ತಟ್ಟಿ, ಅಂಚು ಎತ್ತಿ ದೋಣಿ ಮಾಡಿರುತ್ತಾರೆ. ಅದೇ ಮಣ್ಣು, ಅಷ್ಟೇ ಭಾರ, ಈಗ ತೇಲುತ್ತಿದೆ. ಗೋಲಿಗಳು ಒಂದೊಂದಾಗಿ ದೋಣಿ ಹತ್ತುತ್ತವೆ. ಎಷ್ಟನೆಯ ಗೋಲಿಗೆ ಮುಳುಗಬಹುದು ಅಂತ ಲೆಕ್ಕ ಶುರುವಾಗುತ್ತದೆ.

ಆಮೇಲೆ ಸಿಕ್ಕಿದ್ದೆಲ್ಲ ನೀರಿಗೆ. ರಬ್ಬರು, ಡಸ್ಟರು, ಬಾಟಲಿಯ ಮುಚ್ಚಳ, ಒಂದು ಬಲಗಾಲಿನ ಬೂಟು. ಮೊನ್ನೆ ಒಬ್ಬ ನನ್ನ ಮೇಜಿನ ಮೇಲಿದ್ದ ಹಾಜರಿ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಕೆಟ್ಟಿನ ಹತ್ತಿರ ಬಂದ. "ಮಿಸ್, ಇದು ಮೊದಲು ತೇಲುತ್ತೆ, ಆಮೇಲೆ ಮುಳುಗುತ್ತೆ. ಹಾಕಿ ನೋಡ್ಲಾ?"

ಊಹೆ ಸರಿಯಾಗಿದೆ ಅಂತ ಹೇಳಿ ಪುಸ್ತಕ ಕಿತ್ತುಕೊಂಡೆ. ನೋಡದೇ ಹೇಗೆ ಗೊತ್ತಾಯ್ತು ಅಂತ ಅವನು ಇನ್ನೂ ಕೇಳುತ್ತಿದ್ದಾನೆ.